ಆರು ತಟ್ಟೆಗೆ ಒಂದು ಕಣ

ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಇಳಿಬಿಟ್ಟು, ಮಿಷನ್ನಿನ ಕಾಲನ್ನೆತ್ತಿ, ಬಟ್ಟೆಯನ್ನು ಮಾತ್ರ ತಿರುಗಿಸಬೇಕು. ಸೂಜಿ ಮೇಲೆದ್ದುಬಿಟ್ಟರೆ ಮೂಲೆ ಚೂಪಾಗುವುದಿಲ್ಲ, ದುಂಡಗಾಗಿ ಹೋಗುತ್ತದೆ. ಇದೆಲ್ಲ ಗೊತ್ತಿದ್ದೂ ಮಂಗಳಗೌರಿ ಆ ಒಂದು ಮೂಲೆಗೆ ಬಂದಾಗ ತುಳಿಯುವುದನ್ನೇ ನಿಲ್ಲಿಸಿ ಕೂತಳು. ಊಟದ ಟೇಬಲಿನಲ್ಲಿ ತಟ್ಟೆಯ ಕೆಳಗೆ ಹಾಸುವ ಉಳಿದ ಐದು ಮ್ಯಾಟುಗಳು ಪಕ್ಕದ ಕುರ್ಚಿಯ ಮೇಲೆ ಇಸ್ತ್ರಿಯಾಗಿ ಒಂದರ ಮೇಲೊಂದು ಕೂತಿದ್ದವು. ಮೇಲ್ಮಗ್ಗುಲಿಗೆ ಹಸಿರು, ಒಳಮಗ್ಗುಲಿಗೆ ಅಣ್ಣನ ಹಳೇ ಪಂಚೆ, ನಡುವೆ ಮೆತ್ತಗಿರಲಿ ಅಂತ ಸವೆದ ದುಪ್ಪಟಿಯ ತುಂಡು. ಭಾನುವಾರ ಬೆಳಿಗ್ಗೆ. ಅಡುಗೆಮನೆಯಿಂದ ಒಬ್ಬಟ್ಟಿಗೆ ಬೇಯುತ್ತಿದ್ದ ಬೇಳೆಯ ವಾಸನೆ ಬರುತ್ತಿತ್ತು. ಹುಣಸೂರಿನಿಂದ ಅತ್ತಿಗೆಯ ಚಿಕ್ಕಪ್ಪ ಚಿಕ್ಕಮ್ಮ ಊಟದ ಹೊತ್ತಿಗೆ ಪಿರಿಯಾಪಟ್ಟಣಕ್ಕೆ ಬರುತ್ತಾರೆ. ಚಿಕ್ಕಪ್ಪ ವೀರಭದ್ರಸ್ವಾಮಿ ಅಲ್ಲಿಯ ಒಂದು ಖಾಸಗಿ ಸ್ಕೂಲಿನ ಕಾರ್ಯದರ್ಶಿ. ಆ ಸ್ಕೂಲಿನಲ್ಲಿ ಒಬ್ಬ ಟೀಚರಮ್ಮ ಮದುವೆಯಾಗಿ ಬಿಟ್ಟುಹೋಗಿದ್ದಾರೆ, ಕನ್ನಡದ ಜೊತೆಗೆ ಹೆಣ್ಣುಮಕ್ಕಳಿಗೆ ಹೊಲಿಗೆ ಪೀರಿಯಡ್ಡನ್ನೂ ತೆಗೆದುಕೊಳ್ಳುವವರು ಬೇಕು. 'ಅವರೇನೂ ಪರೀಕ್ಷೆ ಮಾಡಲ್ಲ ಮಂಗಳಾ. ಊಟಕ್ಕೆ ಬರ್ತಾರೆ, ನಿನ್ನ ನೋಡ್ತಾರೆ, ಒಂದೆರಡು ಮಾತಾಡಿಸ್ತಾರೆ, ಅಷ್ಟೆ' ಎಂದಿದ್ದಳು ಅತ್ತಿಗೆ. ಈ ಊಟ, ಈ ಕೆಲಸ, ಈ ಮ್ಯಾಟುಗಳು, ಎಲ್ಲವೂ ಅತ್ತಿಗೆ ಭಾವನಾಳ ಏರ್ಪಾಡೇ. ಅದಕ್ಕೇ ಇರಬೇಕು, ಮಂಗಳಗೌರಿಗೆ ಮಿಷನ್ನಿನ ಮುಂದೆ ಕೂತಾಗಲೆಲ್ಲ ಯಾರದೋ ಮನೆಯ ಪಾತ್ರೆ ತೊಳೆದುಕೊಡುತ್ತಿರುವ ಹಾಗೆ ಅನ್ನಿಸುತ್ತಿತ್ತು.

ಕೆಲಸ ಸಿಕ್ಕದಿದ್ದರೆ ಏನು ಅನ್ನುವುದನ್ನು ಅವಳು ಯೋಚಿಸುತ್ತಿರಲಿಲ್ಲ, ಅದು ತಾನೇ ಯೋಚನೆಗೆ ಬರುತ್ತಿತ್ತು. ಬಿ.ಎ. ಮುಗಿಸಿದ ಮೇಲೆ ಮನೆಯಲ್ಲೇ ಕೂತು, ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ, ಮಧ್ಯಾಹ್ನ ಹಳೇ ವಾರಪತ್ರಿಕೆ ಓದಿ, ಸಂಜೆ ಡೈರಿಯಲ್ಲಿ ನಾಲ್ಕು ಸಾಲು ಗೀಚಿ ಮುಚ್ಚಿಟ್ಟು, ಪಕ್ಕದ ಮನೆ ಬೀರಮ್ಮ 'ಇನ್ನೂ ಎಲ್ಲೂ ಆಗ್ಲಿಲ್ವಾ ತಾಯಿ?' ಅಂತ ಕೇಳಿದಾಗ ಅದು ಮದುವೆಯೋ ಕೆಲಸವೋ ಅನ್ನುವುದು ತಿಳಿಯದೆ ನಕ್ಕು ಒಳಗೆ ಬರುವುದು. ಕೆ.ಆರ್. ನಗರದ ಒಂದು ಸ್ಕೂಲಿಗೆ ಹೋಗಿದ್ದಳು. ಮೂವರು ಗಂಡಸರು ಮೇಜಿನ ಆಚೆ ಕೂತು, ಸಂಧಿ ಪಾಠವನ್ನು ಐದನೇ ಕ್ಲಾಸಿನವರಿಗೆ ಹೇಳಿದ ಹಾಗೆ ಹೇಳಿ ಅಂದಿದ್ದರು. ಬಾಯಿ ತೆರೆದಿದ್ದು ಅವಳಿಗೆ ನೆನಪಿದೆ. ಸ್ವರಸಂಧಿ ವ್ಯಂಜನಸಂಧಿ ಎಲ್ಲ ಗಂಟಲ ಹತ್ತಿರ ಸಾಲಾಗಿ ಬಂದು ನಿಂತದ್ದೂ ನೆನಪಿದೆ. ಅವರಲ್ಲೊಬ್ಬರು ಎದ್ದು ಹೂಜಿಯಿಂದ ನೀರು ಬಗ್ಗಿಸಿ 'ಕುಡೀರಿ ಮೇಡಂ, ಗಾಬರಿ ಬೇಡ' ಅಂದರು. ಅವಳು ಲೋಟ ಪೂರ್ತಿ ಕುಡಿದಳು. ಥ್ಯಾಂಕ್ಸ್ ಅಂದಳು. ಅದೊಂದೇ ಅವಳು ಆಡಿದ ಮಾತು. ಬಸ್ಸಿನಲ್ಲಿ ವಾಪಸು ಬರುವಾಗ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಗಳ ಪಕ್ಕದಲ್ಲಿ ಹಾದುಹೋಗುತ್ತಾ ಆ ಥ್ಯಾಂಕ್ಸನ್ನು ಎಷ್ಟು ಸಲ ಒಳಗೇ ಹೇಳಿಕೊಂಡಳೋ. 

ಮೂಲೆ ಹಾಗೇ ನಿಂತಿತ್ತು. ಹಸಿರಿನ ತುದಿಯಲ್ಲಿ ಹೆಬ್ಬೆರಳಿನಷ್ಟು ಮಾಸಿದ ಕಂದು ಕಲೆ. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿ ಕೊಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಈ ರವಿಕೆ ಕಣಕ್ಕೆ ಮಾತ್ರ ಯಾರೋ ಅಕ್ಕರೆಯಿಂದ ನಾಲ್ಕು ಮೂಲೆಗೂ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಹಚ್ಚಿದ್ದರು. ಯಾರೋ ಅಲ್ಲ, ಅವಳಿಗೆ ಗೊತ್ತು. ಅಮ್ಮನ ಟ್ರಂಕಿನಲ್ಲಿ ರವಿಕೆ ಕಣಗಳ ಒಂದು ರಾಶಿಯೇ ಇತ್ತು. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಎಲೆ ಅಡಿಕೆ ತೆಂಗಿನಕಾಯಿಯ ಜೊತೆ ಬಂದವು. ಬಂದ ಹಾಗೇ ಇನ್ನೊಂದು ಮನೆಗೆ ಹೋಗುವವು. ಅವನ್ನು ಯಾರೂ ಹೊಲಿಸುವುದಿಲ್ಲ. ಹೊಲಿಸುವಷ್ಟು ಬಟ್ಟೆಯೂ ಇರುವುದಿಲ್ಲ, ಇದ್ದರೂ ಜಾರುವ ಪಾಲಿಯೆಸ್ಟರು, ಬಿಸಿ ತಟ್ಟೆ ಇಟ್ಟರೆ ಮುದುಡಿಕೊಳ್ಳುತ್ತದೆ. 'ಟ್ರಂಕ್‌ನಲ್ಲಿ ಕಣ ಬೇಕಾದಷ್ಟಿವೆಯಲ್ಲ, ಯಾವುದಾದರೂ ತಗೋ' ಎಂದು ಅತ್ತಿಗೆ ಅಂದಿದ್ದಳು. ಯಾವುದಾದರೂ. ಮಂಗಳಗೌರಿ ಒಂದೊಂದೇ ಬಿಚ್ಚಿ ಅಳತೆ ನೋಡಿದ್ದಳು. ಮಾದರಿಗೆ ಇಟ್ಟುಕೊಂಡಿದ್ದ ವಾರಪತ್ರಿಕೆಯ ಬಣ್ಣದ ಪುಟದಲ್ಲಿ ಟೇಬಲಿನ ಮೇಲೆ ಆರು ಮ್ಯಾಟೂ ಒಂದೇ ಥರ ಇದ್ದವು, ಬೇರೆ ಬೇರೆ ಬಣ್ಣವಾದರೆ ಭಿಕ್ಷೆ ಎತ್ತಿ ತಂದ ಹಾಗೆ ಕಾಣುತ್ತದೆ. ರಾಶಿಯ ಅಡಿಯಲ್ಲಿ, ದಿನಪತ್ರಿಕೆಯಲ್ಲಿ ಸುತ್ತಿಟ್ಟ ಈ ಹಸಿರು ಕಣ ಮಾತ್ರ ಅಗಲವಾಗಿ, ದಪ್ಪ ನೂಲಿನದಾಗಿ, ನಡುನಡುವೆ ನೇಯ್ದ ಮಾವಿನಕಾಯಿ ಬುಟ್ಟಗಳಿದ್ದು, ಅಡ್ಡಕ್ಕೆ ಎರಡು ಉದ್ದಕ್ಕೆ ಮೂರು ಮಡಿಸಿದರೆ ಸರಿಯಾಗಿ ಆರಕ್ಕೆ ಸಾಕಾಗುವಂತಿತ್ತು.

ಇದು ಅತ್ತಿಗೆಯ ಮಡಿಲಿಗೆ ಬಂದ ಕಣ. ಐದು ತಿಂಗಳಿಗೆ ಮಡಿಲು ತುಂಬಿದ ದಿನ ಹುಣಸೂರಿನ ಈ ಚಿಕ್ಕಮ್ಮನೇ, ದೇವಮ್ಮಣ್ಣಿ, ತಂದದ್ದು. ಅತ್ತಿಗೆಗೆ ತಾಯಿ ಇಲ್ಲ, ಸಾಕಿದವಳು ಆ ಚಿಕ್ಕಮ್ಮ. ಮಣೆಯ ಮೇಲೆ ಹಸಿರು ಬಳೆ ತೊಟ್ಟು ಕೂತಿದ್ದ ಅತ್ತಿಗೆಯ ಸೆರಗಿಗೆ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು ಹಾಕುವಾಗ ತಟ್ಟೆ ಹಿಡಿದು ನಿಂತಿದ್ದವಳು ಮಂಗಳಗೌರಿಯೇ. ಕೈ ನೋಯುತ್ತಿತ್ತು. ಇನ್ನು ಆ ಮಗುವಿನ ಬಟ್ಟೆಯನ್ನೂ ನಾನೇ ಒಗೆಯಬೇಕೇನೋ ಅಂತ ಆಗ ಒಳಗೊಳಗೇ ಅಂದುಕೊಂಡಿದ್ದಳು. ಮುಂದಿನ ತಿಂಗಳೇ ಮಗು ನಿಲ್ಲಲಿಲ್ಲ. ಮೈಸೂರಿನ ಆಸ್ಪತ್ರೆಯಿಂದ ಅತ್ತಿಗೆ ಕಾರಿನಲ್ಲಿ ವಾಪಸು ಬಂದ ಸಂಜೆ, ಬಾಗಿಲಲ್ಲಿ ಚಾಪೆ ಸುರುಳಿ ಇಳಿಸಿಕೊಳ್ಳುತ್ತಾ ತನ್ನ ಎದೆಯಲ್ಲಿ ಏನೋ ಒಂದು ಹಗುರವಾದದ್ದನ್ನು ಮಂಗಳಗೌರಿ ಗಮನಿಸಿಕೊಂಡಿದ್ದಳು. ಅದನ್ನು ಡೈರಿಯಲ್ಲೂ ಬರೆದಿರಲಿಲ್ಲ. ಕಣವನ್ನು ಟ್ರಂಕಿನ ಅಡಿಗೆ ಹಾಕಿದ್ದು ಅಮ್ಮ. 'ಅವಳ ಕಣ್ಣಿಗೆ ಬೀಳದಂಗಿರಲಿ' ಎಂದಿದ್ದಳು.

ಕತ್ತರಿಸುವ ಮೊದಲು ಅರಿಶಿನ ಹೋಗಲಿ ಅಂತ ಮೂಲೆಗಳಿಗೆ ಬಟ್ಟೆ ಸೋಪು ಉಜ್ಜಿದ್ದಳು. ಉಜ್ಜಿದ ಕೂಡಲೇ ಹಳದಿ ಕೆಂಪಗಾಗಿಬಿಟ್ಟಿತು. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆ, ಇದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಬಚ್ಚಲಲ್ಲಿ ಒಬ್ಬಳೇ ಕೂತು ಬೆರಳ ನಡುವೆ ಅದನ್ನು ನೋಡಿದಾಗ ಅವಳು ಕಣವನ್ನು ಕೈಯಿಂದ ಬಿಟ್ಟುಬಿಟ್ಟಿದ್ದಳು. ಬಕೆಟ್ಟುಗಟ್ಟಲೆ ನೀರು ಹಾಕಿದ ಮೇಲೆ ಕಂದು ಉಳಿಯಿತು. ಕಾಣುವಷ್ಟೇನಲ್ಲ. ಮಡಿಕೆಯೊಳಗೆ ಹೋದರೂ ಹೋದೀತು. ನಾಲ್ಕು ಮ್ಯಾಟಿಗೆ ಒಂದೊಂದು ಮೂಲೆ, ಅಷ್ಟೇ ತಾನೇ. ಯಾವುದಾದರೂ ತಗೋ ಅಂದವಳು ಅವಳೇ ತಾನೇ.

'ಗೌರೀ, ಇನ್ನೂ ಎಷ್ಟೊತ್ತೇ? ಅವ್ರು ಬಂದೇಬುಡ್ತಾರೆ. ಸೀರೆ ಉಟ್ಕೋ ಹೋಗು' ಎಂದು ಅಮ್ಮ ಭಾಗ್ಯಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಕುರ್ಚಿಯ ಮೇಲಿನ ಹಸಿರಿನ ಮೇಲೆ ಅಮ್ಮನ ಕಣ್ಣು ಒಂದು ಕ್ಷಣ ನಿಂತಿತು. ಟ್ರಂಕಿನ ಬೀಗದ ಕೈ ಕೊಟ್ಟವಳು ಅವಳು, ಆ ಬುಟ್ಟ ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೆ? ಮಂಗಳಗೌರಿ ಬೈಗುಳಕ್ಕಾಗಿ ಕಾದಳು. ಬೈದಿದ್ದರೆ ಇನ್ನೂ ಹೊತ್ತಿತ್ತು, ಆರನ್ನೂ ಒಲೆಗೆ ಹಾಕಿ ತಲೆನೋವು ಅಂತ ಮಲಗಬಹುದಿತ್ತು. ಅಮ್ಮ ಮೂಗನ್ನು ಸೆರಗಿನಲ್ಲಿ ಒರೆಸಿಕೊಂಡು, 'ಚೆನ್ನಾಗವೆ ಬುಡು' ಎಂದು ಒಳಗೆ ಹೋದಳು. ಮಂಗಳಗೌರಿ ಕಾಲು ತುಳಿದಳು. ಸೂಜಿ ಮೂಲೆ ದಾಟಿತು.

ಟೇಬಲ್ಲು ಹುಣಸೂರಿನ ಮರದ್ದು, ಅತ್ತಿಗೆಯ ತವರಿನಿಂದ ಬಂದದ್ದು. ಅದು ಬಂದಾಗಿನಿಂದ ಅಮ್ಮ ಅದರ ಮೇಲೆ ಒಮ್ಮೆಯೂ ಉಂಡಿರಲಿಲ್ಲ, ಅಡುಗೆಮನೆಯ ನೆಲದಲ್ಲೇ ಉಣ್ಣುತ್ತಿದ್ದಳು. ಕೇಳಿದರೆ ಮಂಡಿ ಅನ್ನುತ್ತಿದ್ದಳು. ಅತ್ತಿಗೆ ಬಂದು ಮ್ಯಾಟುಗಳನ್ನು ಎತ್ತಿಕೊಂಡಳು. ಒಂದೊಂದನ್ನೇ ಟೇಬಲಿನ ಮೇಲೆ ಇಟ್ಟು ಅಂಗೈಯಿಂದ ಸವರಿ ನೇರ ಮಾಡಿದಳು. ಮೂರನೆಯದರ ಮೇಲೆ ಕೈ ಹಾಗೇ ನಿಂತಿತೇ, ಅಥವಾ ಆಗಲೇ ಹೊರಗೆ ಸ್ಕೂಟರಿನ ಶಬ್ದ ಕೇಳಿ ತಿರುಗಿದ್ದಳೇ? ಮಂಗಳಗೌರಿ ಗೋಡೆಗೆ ಒತ್ತಿ ನಿಂತು ನೋಡುತ್ತಿದ್ದಳು. ಅತ್ತಿಗೆಯ ಮುಖದಲ್ಲಿ ಯಾವತ್ತೂ ಏನೂ ಓದಲಾಗುತ್ತಿರಲಿಲ್ಲ. 'ಚೆನ್ನಾಗಿದೆ ಮಂಗಳಾ' ಎಂದಳು ಅತ್ತಿಗೆ. 'ಅಂಗಡೀದು ಅಂತಲೇ ಅನ್ಕೋತಾರೆ.' ಅವಳು ನೋಡಿದಳೋ ಇಲ್ಲವೋ. ನೋಡಿದ್ದರೆ ಯಾಕೆ ಹೇಳಲಿಲ್ಲ? ಹೇಳದಿರುವುದೇ ಒಂದು ದೊಡ್ಡಸ್ತಿಕೆಯೇ? ಅವಳ ಈ ಒಳ್ಳೆಯತನದ ಎದುರಿಗೆ ಮಂಗಳಗೌರಿಗೆ ತಾನು ಯಾವಾಗಲೂ ಬೆವರು ವಾಸನೆಯವಳಂತೆ ಅನ್ನಿಸುತ್ತಿತ್ತು.

'ಇದೇನ್ ಭಾವ್ನಾ, ಕೂತ್ಕಳಕ್ಕಾ ಇದು? ನನ್ ಅರ್ಧ ಮೈಗೂ ಸಾಕಾಗಕಿಲ್ವಲ್ಲೇ!' ಎಂದು ದೇವಮ್ಮಣ್ಣಿ ಕುರ್ಚಿ ಎಳೆಯುತ್ತಲೇ ನಕ್ಕರು. ದಪ್ಪಗೆ, ಬೆಳ್ಳಗೆ, ಹಣೆಯ ತುಂಬ ವಿಭೂತಿ.

'ನೀನು ಕೂತ್ಕಳಕ್ಕಲ್ಲ ಕಣೇ, ತಟ್ಟೆ ಕೂತ್ಕಳಕ್ಕೆ' ಎಂದರು ವೀರಭದ್ರಸ್ವಾಮಿ. 'ಮೈಸೂರಲ್ಲಿ ದೊಡ್ಡ ಹೋಟ್ಲಲ್ಲೆಲ್ಲ ಹಾಕ್ತಾರೆ.'

'ತಟ್ಟೆಗೂ ಮಣೆ ಬೇಕಾ? ಮೇಲೆ ಅನ್ನ ಬಿದ್ರೆ ಮುಸುರೆ ಆಗಕಿಲ್ವಾ? ಊಟಕ್ಕೊಂದ್ಸತಿ ಒಗೀತೀರಾ?'

'ಕಾಲ ಅಂಗೈತೆ ಅಕ್ಕಾ' ಎಂದಳು ಬಾಗಿಲ ಬಳಿಯಿಂದ ಭಾಗ್ಯಮ್ಮ. 'ನೆಲದಲ್ಲಿ ಉಣ್ಣೋರಿಗೆ ಇದೆಲ್ಲ ಎಲ್ಲಿತ್ತು. ನಿಮ್ಮ ಹುಡುಗಿ ಬಂದ್ಮೇಲೆ ಕಲ್ತದ್ದು.' ಮಾತು ಜೇನಿನಂತಿತ್ತು. ಅತ್ತಿಗೆ ತಲೆ ಎತ್ತದೆ ಕೋಸಂಬರಿ ಬಡಿಸಿದಳು.

ಟೇಬಲಿಗೆ ವೀರಭದ್ರಸ್ವಾಮಿ, ದೇವಮ್ಮಣ್ಣಿ, ಅಣ್ಣ ನಂಜುಂಡಸ್ವಾಮಿ ಕೂತರು. 'ನೀನೂ ಕೂತ್ಕೋ ಮಗಾ, ನಿನ್ನ ನೋಡಕ್ಕೇ ಬಂದಿರೋದು' ಎಂದು ಚಿಕ್ಕಪ್ಪನವರು ಎದುರಿನ ಕುರ್ಚಿ ತೋರಿಸಿದರು. ಮಂಗಳಗೌರಿ ಕೂತಳು. ಎಂ.ಎ. ಕಟ್ಟಬೇಕು ಅಂತ ಇದ್ದೀಯಾ ಅಂದರು, ತಲೆಯಾಡಿಸಿದಳು. ಯಾವ ಕಾಲೇಜು ಅಂದರು, ಅಣ್ಣ ಹೇಳಿದ. ಮಕ್ಕಳನ್ನು ಹೊಡೀತೀಯೋ ಮುದ್ದು ಮಾಡ್ತೀಯೋ ಅಂದರು ತಮಾಷೆಗೆ. ಅವಳು ಬೀನ್ಸ್ ಪಲ್ಯವನ್ನು ನೋಡಿದಳು. ಬೀನ್ಸಿನ ಒಂದೊಂದು ತುಂಡೂ ಒಂದೇ ಅಳತೆಗೆ ಕತ್ತರಿಸಿತ್ತು, ಅತ್ತಿಗೆಯ ಕೈ.  ಆ ಮೇಜು, ಆ ಮೂವರು, ಆ ಹೂಜಿ.

'ಮಾತು ಕಮ್ಮಿ ಅಷ್ಟೇ ಮಾವ, ಓದಿನಲ್ಲೆಲ್ಲ ಫಸ್ಟ್ ಕ್ಲಾಸು' ಎಂದ ಅಣ್ಣ.

'ಓದು ಸರಿ ಕಣಪ್ಪ. ನಲವತ್ತು ಐವತ್ತು ಹುಡುಗ್ರು ಕೂತಿರ್ತಾರೆ. ಹಿಂದಿನ ಬೆಂಚಿಗೆ ಕೇಳಿಸಬೇಕಲ್ಲ. ಭಾವನಾ ಹೇಳಿದ್ಲು ಅಂತ ಬಂದೆ, ಆದ್ರೆ ಕಮಿಟಿಯೋರಿಗೆ ನಾನೇನಂತ ಹೇಳ್ಲಿ?' ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಕೆಮ್ಮುವ ಹಸುವನ್ನು ಸಂತೆಯಲ್ಲಿ ಬೇಡವೆನ್ನುವವರ ಕನಿಕರ ಇತ್ತು. ಮುಗಿಯಿತು ಅಂತ ಮಂಗಳಗೌರಿಗೆ ಗೊತ್ತಾಯಿತು. ಇನ್ನು ಅಂಗಳ, ನೀರು, ಬೀರಮ್ಮ. ಅತ್ತಿಗೆ ಅವಸರದಲ್ಲಿ ಮಾತು ಬದಲಿಸಲೆಂದು 'ಚಿಕ್ಕಪ್ಪ, ಸಾರು ಹಾಕ್ಕೊಳಿ' ಎನ್ನುತ್ತಾ ಬಾಗಿದಳು. ಒಬ್ಬಟ್ಟಿನ ಸಾರು ಸೌಟಿನಿಂದ ಜಾರಿ ದೇವಮ್ಮಣ್ಣಿಯವರ ತಟ್ಟೆಯಂಚಿಗೆ ಬಿದ್ದು ಮ್ಯಾಟಿನ ಮೇಲೆ ಹರಿಯಿತು.

'ಅಯ್ಯೋ, ಇರ್ಲಿ ಇರ್ಲಿ' ಅಂತ ಅವರು ಎಡಗೈಯಿಂದ ಮ್ಯಾಟಿನ ತುದಿ ಎತ್ತಿ ಒರೆಸಲು ಹೋದರು. ಎತ್ತಿದ್ದು ಆ ಮೂಲೆಯನ್ನು. ಮಂಗಳಗೌರಿ ಅವರ ಹೆಬ್ಬೆರಳನ್ನು ನೋಡಿದಳು. ಹೆಬ್ಬೆರಳು ಹೋಗಿ ಕಲೆಯ ಮೇಲೆ ಕೂತಿತು, ಅಳತೆಗೆ ಸರಿಯಾಗಿ. ಅವರು ಬಟ್ಟೆಯನ್ನು ತಿರುಗಿಸಿದರು, ಬುಟ್ಟವನ್ನು ಬೆಳಕಿಗೆ ಹಿಡಿದರು, ಪಕ್ಕದ ಮ್ಯಾಟನ್ನು ನೋಡಿದರು, ಎದುರಿನದನ್ನು ನೋಡಿದರು.

'ಭಾವ್ನಾ. ಇದು ನಾನು ನಿನ್ ಮಡ್ಲಿಗೆ ಹಾಕಿದ್ದ ಕಣ ಅಲ್ವೇನೇ?'

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾಗುತ್ತಿತ್ತು, ಯಾರೂ ಹೋಗಲಿಲ್ಲ. ಅತ್ತಿಗೆ ಸೌಟು ಹಿಡಿದು ನಿಂತಿದ್ದಳು. ಅವಳ ಕಣ್ಣು ದೇವಮ್ಮಣ್ಣಿಯವರ ಮೇಲಿರಲಿಲ್ಲ, ಬಟ್ಟೆಯ ಮೇಲಿತ್ತು. ಆಗ ಮಂಗಳಗೌರಿಗೆ ಖಂಡಿತವಾಯಿತು, ಬೆಳಿಗ್ಗೆ ಅವಳು ನೋಡಿರಲಿಲ್ಲ. ಈಗ ನೋಡುತ್ತಿದ್ದಾಳೆ. ಆರು ತುಂಡಾದದ್ದನ್ನು ಒಂದೊಂದಾಗಿ ನೋಡುತ್ತಿದ್ದಾಳೆ.

'ಯಾರು ಕತ್ರಿ ಹಾಕಿದ್ದು ಇದಕ್ಕೆ?' ದೇವಮ್ಮಣ್ಣಿಯವರ ಕುತ್ತಿಗೆ ಕೆಂಪೇರಿತ್ತು. 'ಯಾರು ಅಂತಿದೀನಿ.'

'ಅತ್ತಿಗೆಯೇ ಕೊಟ್ಟರು' ಎಂದಳು ಮಂಗಳಗೌರಿ. 'ಸುಮ್ಮನೆ ಟ್ರಂಕಿನಲ್ಲಿ ಬಿದ್ದಿದೆ, ಇದರಲ್ಲೇ ಹೊಲಿ ಅಂದರು. ಬೇಡ ಅಂತ ನಾನು ಹೇಳಿದೆ, ಕೇಳಲಿಲ್ಲ.'

ಮಾತು ಒಂದೂ ತೊದಲಲಿಲ್ಲ. ದನಿ ಗೋಡೆಗೆ ತಾಗಿ, ಅಡುಗೆಮನೆಯವರೆಗೂ ಹೋಗಿ ಬಂದಿತು. ಅಷ್ಟು ನೆಟ್ಟಗೆ, ಅಷ್ಟು ಬಿಡಿಬಿಡಿಯಾಗಿ, ಪೂರ್ಣವಿರಾಮಗಳ ಸಮೇತ. ಇದು ತನ್ನ ದನಿಯೇ ಅಂತ ಅವಳಿಗೆ ಆಶ್ಚರ್ಯವಾಯಿತು. ಆಶ್ಚರ್ಯದ ಹಿಂದೆಯೇ, ಥೂ, ಒಂದು ಬಗೆಯ ಸುಖ. 'ಬೇಡ ಅಂತ ಹೇಳಿದೆ' ಅನ್ನುವುದನ್ನು ಯಾಕೆ ಸೇರಿಸಿದೆ? ಅದು ಬೇಕಿರಲಿಲ್ಲ. ಅಷ್ಟು ಇಲ್ಲದಿದ್ದರೆ, ಯಾವುದಾದರೂ ತಗೋ ಅಂದಿದ್ದರಲ್ಲ ಅನ್ನುವ ಒಂದು ಎಳೆ ಕೈಯಲ್ಲಿ ಉಳಿಯುತ್ತಿತ್ತು. ಅಣ್ಣ ಅನ್ನ ಕಲಸುತ್ತಲೇ ಇದ್ದ, ಕಲಸಿದ್ದನ್ನೇ ಕಲಸುತ್ತಿದ್ದ. ಬಾಗಿಲ ಬಳಿ ಅಮ್ಮ, ಎಲ್ಲ ಗೊತ್ತಿರುವ ಅಮ್ಮ, ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡಿದ್ದಳು.

ಅತ್ತಿಗೆ ತಿರುಗಿ ಮಂಗಳಗೌರಿಯನ್ನು ನೋಡಿದಳು. ಅಲ್ಲ ಅನ್ನಲಿ, ಈಗ ಅನ್ನಲಿ. ಅಂದರೆ ನಾನು ಎದ್ದು ಓಡುತ್ತೇನೆ, ಬಾವಿಯ ಹತ್ತಿರ ಹೋಗಿ ನಿಲ್ಲುತ್ತೇನೆ, ಯಾರಾದರೂ ಕರೆಯುತ್ತಾರೆ. ಆದರೆ ಅತ್ತಿಗೆ ಒಮ್ಮೆ ಚಿಕ್ಕಪ್ಪನವರ ಕಡೆ ನೋಡಿದಳು, ಕಮಿಟಿ ಅಂದಿದ್ದ ಆ ಮುಖದ ಕಡೆ.

'ಹ್ಞೂ ಚಿಕ್ಕಮ್ಮ, ನಾನೇ ಕೊಟ್ಟೆ' ಎಂದಳು. 'ಸುಮ್ನೆ ಇತ್ತು.'

'ಸುಮ್ನೆ ಇತ್ತಾ?' ದೇವಮ್ಮಣ್ಣಿ ಎದ್ದು ನಿಂತರು. 'ಮಡ್ಲು ತುಂಬಿದ ಕಣದ ಮೇಲೆ ಎಂಜ್ಲು ತಟ್ಟೆ ಇಡೋ ಹೆಂಗ್ಸು ನೀನು! ನಿನ್ನವ್ವ ಇದ್ದಿದ್ರೆ ಇದನ್ನ ನೋಡಿ ಸಾಯೋಳು. ಮಡ್ಲು ಯಾಕೆ ನಿಲ್ಲಕಿಲ್ಲ ಅಂತ ಅಳ್ತಿದ್ಯಲ್ಲ, ಇನ್ನೆಂಗೆ ನಿಂತಾತು ಹೇಳು?' ಎಂದವರು ತಾವು ಆಡಿದ್ದು ತಮಗೇ ಕೇಳಿಸಿ, ಬಾಯಿಗೆ ಎಡಗೈ ಅಡ್ಡ ಹಿಡಿದು, ಕೈ ತೊಳೆಯಲು ಹಿತ್ತಲಿಗೆ ನಡೆದರು. ಎಲೆ ಅಡಿಕೆ ಹಾಕಿಕೊಳ್ಳಲಿಲ್ಲ. ಹೊರಡುವಾಗ ಭಾಗ್ಯಮ್ಮ ಕೊಟ್ಟ ಕುಂಕುಮ ಇಟ್ಟುಕೊಂಡರು, ಅತ್ತಿಗೆ ಬಾಗಿ ಕಾಲು ಮುಟ್ಟಿದರೆ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ವೀರಭದ್ರಸ್ವಾಮಿ ಮಾತ್ರ ಚಪ್ಪಲಿ ಮೆಟ್ಟುತ್ತಾ ಮಂಗಳಗೌರಿಯ ಕಡೆ ತಿರುಗಿ, ಹೆಂಗಸರ ಜಗಳಕ್ಕೂ ತಮಗೂ ಸಂಬಂಧವಿಲ್ಲ ಎನ್ನುವಂತೆ, 'ಪರವಾಗಿಲ್ಲಮ್ಮ, ದನಿ ಐತೆ ನಿಂಗೆ. ಹೊಲಿಗೇನೂ ಅಚ್ಚುಕಟ್ಟು. ನಾಳೆ ಸೋಮವಾರಾನೇ ಸರ್ಟಿಫಿಕೇಟ್ ತಗೊಂಡು ಬಂದು ಸೇರ್ಕೊ' ಎಂದರು. ಸ್ಕೂಟರು ಹೊರಟಿತು. ದೇವಮ್ಮಣ್ಣಿ ಹಿಂದೆ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಪಾತ್ರೆಗಳ ನಡುವೆ ಅಮ್ಮ ಮಗಳ ಪಕ್ಕಕ್ಕೆ ಸರಿದು ಕೂತಳು. 'ಒಳ್ಳೇದೇ ಆಯ್ತು ಬುಡು' ಎಂದಳು ಪಿಸುದನಿಯಲ್ಲಿ. 'ಟೇಬಲ್ಲು ಕುರ್ಚಿ ಅಂತ ಮೆರೀತಿದ್ಲು. ಒಂದೇ ಮಾತಲ್ಲಿ ಕೆಲ್ಸಾನೂ ಆಯ್ತು, ಅವಳ ತವರಿನ ಜಂಬಾನೂ ಇಳೀತು. ನನ್ ಮಗಳಿಗೆ ಬಾಯಿಲ್ಲ ಅಂತಿದ್ರು ಎಲ್ಲ.' ಅಮ್ಮನ ಕೈ ಮಗಳ ಬೆನ್ನನ್ನು ತಟ್ಟಿತು. ಮಂಗಳಗೌರಿಗೆ ತಾನು ಪಾಪ ಮಾಡಿದ್ದೇನೆ ಎನ್ನುವುದಕ್ಕಿಂತ, ಅದನ್ನು ಪಾಪ ಅಂತ ಈ ಮನೆಯಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎನ್ನುವುದಕ್ಕೇ ಹೆಚ್ಚು ಭಯವಾಯಿತು. ಅಣ್ಣ ಟೇಪ್ ರೆಕಾರ್ಡರ್ ಹಾಕಿಕೊಂಡು ಮಲಗಿದ್ದ. ಬೂದಿಯಿಂದ ತಟ್ಟೆ ಉಜ್ಜುತ್ತಾ ಕ್ಷಮೆ ಕೇಳುವ ವಾಕ್ಯವನ್ನು ಅವಳು ಕಟ್ಟತೊಡಗಿದಳು. ಅತ್ತಿಗೆ, ನಾನು ಉದ್ದೇಶಪೂರ್ವಕವಾಗಿ. ಅಲ್ಲ. ಅತ್ತಿಗೆ, ನೀವು ಯಾವುದಾದರೂ ಅಂದಿದ್ದಿರಿ. ಅಲ್ಲ. ವಾಕ್ಯ ಕಟ್ಟುತ್ತಾ ಕಟ್ಟುತ್ತಾ ಯಾವಾಗಲೋ ಅವಳ ಮನಸ್ಸು ಸೋಮವಾರ ಬೆಳಿಗ್ಗಿನ ಹುಣಸೂರು ಬಸ್ಸಿಗೆ ಹೋಗಿ, ಯಾವ ಸೀರೆಗೆ ಯಾವ ರವಿಕೆ ಅಂತ ಜೋಡಿಸುತ್ತಿತ್ತು.

ಹಿತ್ತಲಿಗೆ ಹೋದಾಗ ಅತ್ತಿಗೆ ಒಗೆಯುವ ಕಲ್ಲಿನ ಹತ್ತಿರ ಕೂತು ಆರೂ ಮ್ಯಾಟುಗಳನ್ನು ಒಗೆಯುತ್ತಿದ್ದಳು. ಸೋಪು ಹಾಕಿರಲಿಲ್ಲ, ಬರೀ ನೀರು. ಕುಕ್ಕುತ್ತಿರಲಿಲ್ಲ, ಎಳೆಯ ಕೂಸಿನ ಬಟ್ಟೆಯನ್ನು ಹಿಂಡುವ ಹಾಗೆ ಅಂಗೈಗಳ ನಡುವೆ ಅದುಮುತ್ತಿದ್ದಳು. 'ಕೊಡಿ ಅತ್ತಿಗೆ, ನಾನು ಒಗೀತೀನಿ' ಎಂದಳು ಮಂಗಳಗೌರಿ. ಅತ್ತಿಗೆ ಕೊಡಲಿಲ್ಲ. 'ಅಳ್ತಿದೀನಾ ಅಂತ ನೋಡಕ್ಕೆ ಬಂದ್ಯಾ?' ಎಂದಳು, ತಲೆ ಎತ್ತದೆ, ಮಳೆ ಬಂತಾ ಅಂತ ಕೇಳಿದ ಹಾಗೆ. ಮಂಗಳಗೌರಿ ನಿಂತಳು, ತಂತಿಯ ಮೇಲೆ ಕಾಗೆ ಕೂತಿತ್ತು, ಅದನ್ನು ಓಡಿಸಿದಳು, ಒಳಗೆ ಬಂದಳು. ಬಿಸಿಲಿತ್ತು. ಸಂಜೆಯೊಳಗೆ ಅವು ಒಣಗಿದವು.

ದೀಪ ಹಚ್ಚಿದ ಮೇಲೆ ಉಳಿದ ಅನ್ನ ಸಾರನ್ನು ಬಿಸಿ ಮಾಡಿದರು. ಮಂಗಳಗೌರಿ ತಟ್ಟೆ ತೆಗೆದುಕೊಂಡು ಅಡುಗೆಮನೆಯ ನೆಲದಲ್ಲಿ ಅಮ್ಮನ ಪಕ್ಕ ಕೂರಲು ಹೋದಳು. 'ಇಲ್ಲಿ ಬಾ' ಎಂದು ಅತ್ತಿಗೆ ಟೇಬಲಿನ ಬಳಿಯಿಂದ ಕರೆದಳು. 'ನೀವೂ ಬನ್ನಿ ಅತ್ತೆ.' ಅವಳ ದನಿಯಲ್ಲಿ ಏನಿತ್ತೋ, ಅಮ್ಮ ಮಂಡಿಯ ನೆಪ ಹೇಳಲಿಲ್ಲ, ಎದ್ದು ಬಂದಳು. ಟೇಬಲಿನ ಮೇಲೆ ನಾಲ್ಕು ಕಡೆ ನಾಲ್ಕು ಹಸಿರು ಹಾಸಿತ್ತು, ಇಸ್ತ್ರಿ ಮಾಡಿತ್ತು. ಅರಿಶಿನದ ಮೂಲೆ ಇದ್ದ ನಾಲ್ಕನ್ನೇ ಆರಿಸಿ, ಕಲೆ ಉಣ್ಣುವವರ ಕಡೆಗೆ ಬರುವಂತೆ ಇಟ್ಟಿದ್ದಳು.

'ಇದನ್ನ ಯಾಕೆ ಮತ್ತೆ' ಎಂದ ಅಣ್ಣ.

'ನಾನೇ ಕೊಟ್ಟದ್ದಲ್ವಾ?' ಎಂದಳು ಅತ್ತಿಗೆ. 'ಕೊಟ್ಟ ಮೇಲೆ ಬಳಸಬೇಕು. ಮಂಗಳಾ ಅಷ್ಟು ಕಷ್ಟಪಟ್ಟು ಹೊಲಿದಿದಾಳೆ. ದಿನಾ ಇದರ ಮೇಲೇ ಉಣ್ಣೋಣ, ಹರಿಯೋ ತನಕ.' ಒಬ್ಬೊಬ್ಬರ ಮುಂದೂ ತಟ್ಟೆ ಇಟ್ಟಳು. ಬಡಿಸಿದಳು. ಕೊನೆಗೆ ತಾನೂ ಕೂತು, ತನ್ನ ತಟ್ಟೆಯನ್ನು ಹಸಿರಿನ ನಡುವೆ ಎಳೆದುಕೊಂಡು, ಅನ್ನ ಕಲಸಿ, ಮೊದಲ ತುತ್ತು ಬಾಯಿಗೆ ಇಟ್ಟಳು.   ಅಮ್ಮ ಮಾತ್ರ ಮೊದಲ ಸಲ ಸೊಸೆಯ ಮುಖ ನೋಡಲಾರದೆ ಸಾರನ್ನು ಸುರಿದುಕೊಂಡಳು.

'ಉಣ್ಣು ಮಂಗಳಾ' ಎಂದಳು ಅತ್ತಿಗೆ.

ದಪ್ಪ ನೂಲು, ಒಳಗೆ ದುಪ್ಪಟಿ. ತಟ್ಟೆ ಸ್ವಲ್ಪವೂ ಜಾರುತ್ತಿರಲಿಲ್ಲ, ಸದ್ದೂ ಮಾಡುತ್ತಿರಲಿಲ್ಲ. ಆದರೂ ಅವಳು ಎಡಗೈಯಲ್ಲಿ ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದು ಆ ಮೂಲೆಯ ಮೇಲಕ್ಕೆ ಸರಿಸಿದಳು. ಕಲೆ ಮುಚ್ಚಿತು. ತುತ್ತು ಎತ್ತಿದಳು. ಎದುರಿನಿಂದ ಅತ್ತಿಗೆಯ ಕೈ ಬಂದು, ತಟ್ಟೆಯನ್ನು ಮೆಲ್ಲಗೆ, ಮೊದಲಿದ್ದ ಜಾಗಕ್ಕೆ ಸರಿಸಿಟ್ಟಿತು.